ನಿಲ್ದಾಣದ ಶಾವಿಗೆ ಅಂಗಡಿ

ಟೋಕಿಯೋ ನಗರದ ಈಶಾನ್ಯಕ್ಕೆ, ಚಿಬಾ ಪ್ರಾಂತದ ಅಬಿಕೋ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರಮ್ಮಿನ ಮೇಲೆಯೇ ಇರುವ ಯಾಯೋಯಿಕೆನ್ ಎಂಬ ಪುಟ್ಟ ಉಪಾಹಾರಗೃಹವನ್ನು ಕಂಡುಕೊಂಡ ಪ್ರವಾಸಿಗೆ, ವೈಭವದ ಭೋಜನಶಾಲೆಗಳಲ್ಲಿ ದೊರೆಯದ ಒಂದು ಪ್ರಸನ್ನತೆ ಅಲ್ಲಿ ಲಭಿಸುತ್ತದೆ. ಹರಿದ ಬಣ್ಣದ ಕಾಗದದ ಚೂರುಗಳನ್ನಂಟಿಸಿ ಅದ್ಭುತ ಚಿತ್ರಗಳನ್ನು ನಿರ್ಮಿಸಿದ ಯಾಮಾಶಿತಾ ಕಿಯೋಶಿ, ಈ ಅಂಗಡಿಯವರು ಬುತ್ತಿ ಮಾರುತ್ತಿದ್ದ ಕಾಲದಲ್ಲಿ ಇವರಲ್ಲಿಯೇ ಆಳಾಗಿ ದುಡಿದವನೆಂಬುದನ್ನು ನೆನೆದಾಗಲೆಲ್ಲ ನನಗೆ ಈ ಸ್ಥಳದ ಮೇಲೆ ಗೌರವವುಂಟಾಗುತ್ತದೆ. ಚೀಟಿ ಪಡೆದು ಕಟ್ಟೆಯ ಬಳಿ ನಿಂತರಾಯಿತು. ಒಣಮೀನಿನ ತುರಿಯ ಪರಿಮಳವುಳ್ಳ ಕಪ್ಪು ಸಾರಿನಲ್ಲಿ ಮುಳುಗಿದ ಸೋಬಾ ಶಾವಿಗೆಯೂ, ಅದರ ಮೇಲೆ ಮುಷ್ಟಿಗಾತ್ರದ ಕರಿದ ಕೋಳಿಯ ತುಂಡೂ ಕ್ಷಣಮಾತ್ರದಲ್ಲಿ, ಅಲ್ಪ ಬೆಲೆಗೆ, ಮುಂದೆ ಬರುತ್ತವೆ. ಗುಮಾಸ್ತನೂ ವಿದ್ಯಾರ್ಥಿಯೂ ಭುಜಕ್ಕೆ ಭುಜ ತಾಗಿಸಿ ನಿಂತು, ಸಂಕೋಚವಿಲ್ಲದೆ ಸೊರ್ರನೆ ಹೀರಿ, ಬಟ್ಟಲನ್ನು ತಾವೇ ಎತ್ತಿಟ್ಟು ಮುಂದಿನ ಗಾಡಿಯನ್ನು ಹಿಡಿಯುತ್ತಾರೆ.