ಮೈನರನ ಹಕ್ಕುಬಾಧ್ಯತೆಗಳು

ಹುಡುಗನಿಗೆ ಮೀಸೆ ಚಿಗುರಿತೆಂದರೆ ಅವನು ದೊಡ್ಡವನಾದನೆಂದು ನಾವು ಹೇಳುವುದುಂಟು. ನ್ಯಾಯಶಾಸ್ತ್ರವಾದರೋ ಮೀಸೆಯನ್ನು ನೋಡುವುದಿಲ್ಲ, ವರುಷಗಳನ್ನೆಣಿಸುತ್ತದೆ. 1875ರ ಶಾಸನದಂತೆ 18 ತುಂಬುವವರೆಗೂ ಬಾಲಕನಾಗಲಿ ಬಾಲಿಕೆಯಾಗಲಿ ಮೈನರೇ. ನ್ಯಾಯಾಲಯವು ಪಾಲಕನನ್ನು ನೇಮಿಸಿದ್ದವರಿಗೆ 21 ತುಂಬಬೇಕೆಂದಿದ್ದ ಭೇದವನ್ನು 1999ರ ತಿದ್ದುಪಡಿಯು ತೊಡೆದುಹಾಕಿತು.

ಮೈನರು ಬರೆದುಕೊಟ್ಟ ಕರಾರಿನ ಗತಿಯೇನು? 1895ರಲ್ಲಿ ಕಲ್ಕತ್ತೆಯ ಧರ್ಮದಾಸ ಘೋಷನೆಂಬ ತರುಣನು ಮನೆಗಳನ್ನು ಅಡವಿಟ್ಟು 20,000 ರೂಪಾಯಿಗಳಿಗೆ ಪತ್ರ ಬರೆದುಕೊಟ್ಟನು. ಮಗನಿಗೆ ವಯಸ್ಸು ತುಂಬಿಲ್ಲವೆಂದು ತಾಯಿಯು ಸಾಹುಕಾರನ ವಕೀಲನಿಗೆ ಮುಂಚಿತವಾಗಿಯೇ ತಿಳಿಯಪಡಿಸಿದ್ದಳು. ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಮೈನರನ ಕರಾರು ಮೊದಲಿನಿಂದಲೇ ಶೂನ್ಯವೆಂದು 1903ರಲ್ಲಿ ತೀರ್ಪಾಯಿತು. ಕೊಟ್ಟ ಹಣವೂ ಸಾಹುಕಾರನಿಗೆ ಮರಳಲಿಲ್ಲ. ಆದರೆ ಅನ್ನ, ವಸ್ತ್ರ, ವಿದ್ಯೆ ಮೊದಲಾದ ಅವಶ್ಯಕಗಳನ್ನು ಒದಗಿಸಿದವನು ಮೈನರನ ಆಸ್ತಿಯಿಂದ ತನ್ನ ವೆಚ್ಚವನ್ನು ಪಡೆಯಬಹುದು. ಆಸ್ತಿಯಿಲ್ಲದಿದ್ದರೆ ಅವನ ಮೇಲೆ ಹೊಣೆಯಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 14 ತುಂಬಿ, ಹೆತ್ತವರ ಸಮ್ಮತಿಯಿಂದ ಬೇರೆ ವಾಸಿಸುತ್ತ, ತನ್ನ ಹಣಕಾಸನ್ನು ತಾನೇ ನಿರ್ವಹಿಸುವವನು ನ್ಯಾಯಾಲಯದಲ್ಲಿ ವಿಮೋಚನೆಯನ್ನು ಬೇಡಬಹುದು. ಅದು ದೊರೆತರೆ ಅವನ ಕರಾರುಗಳು ಅವನನ್ನು ಬಂಧಿಸುತ್ತವೆ. ಹೆತ್ತವರಿಂದ ಪೋಷಣೆ ಪಡೆಯುವ ಹಕ್ಕೂ ಕೊನೆಗೊಳ್ಳುತ್ತದೆ. ಸ್ವಾತಂತ್ರ್ಯಕ್ಕೆ ಅಲ್ಲಿ ತೆರಬೇಕಾದ ಬೆಲೆ ಅದು. ನಮ್ಮ ದೇಶದ ಶಾಸನದಲ್ಲಿ ಇಂತಹ ವಿಮೋಚನೆಯಿಲ್ಲ.

ನಮ್ಮ ಮಕ್ಕಳಿಗೆ ಅಪಾಯವೊದಗುವುದು ಕೆಲವೊಮ್ಮೆ ಮನೆಯೊಳಗಿನಿಂದಲೇ. 1956ರ ಹಿಂದೂ ಪಾಲಕತ್ವದ ಶಾಸನದಂತೆ, ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ತಂದೆಯಾಗಲಿ ತಾಯಿಯಾಗಲಿ ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ಮಾರಕೂಡದು, ಅಡವಿಡಕೂಡದು. ಅವಿಭಕ್ತ ಕುಟುಂಬದ ಪಾಲಿನ ಮಾತು ಬೇರೆ. ಮೀರಿ ಮಾರಿದರೂ ಆ ಕ್ರಯವು ತಾನಾಗಿ ಬಿದ್ದುಹೋಗದು. ಮಗುವಿನ ಪಕ್ಷದಿಂದಲೇ ಅದನ್ನು ತಿರಸ್ಕರಿಸಬೇಕು. 18 ತುಂಬಿದ ಮೇಲೆ ಇದಕ್ಕಿರುವ ಅವಧಿ 3 ವರುಷ ಮಾತ್ರ. ಅದು ಮೀರಿದರೆ ಕ್ರಯವೇ ನಿಲ್ಲುತ್ತದೆ.

ನಾವು ಪಾಠ ಹೇಳುವ ವಿದ್ಯಾರ್ಥಿಗಳು ಈ 3 ವರುಷಗಳನ್ನೇ ಪರೀಕ್ಷೆಯ ಚಿಂತೆಯಲ್ಲಿ ಕಳೆಯುತ್ತಾರೆ. ತಮ್ಮ ಹೆಸರಿನಲ್ಲಿ ಹೊಲವೊಂದಿತ್ತೆಂಬುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ತಂದೆಯಿಲ್ಲದ ಮಕ್ಕಳ ಪಾಡಂತೂ ಹೇಳತೀರದು. ಶಾಸನವು ಬಾಲ್ಯಕ್ಕೆ ಕವಚವನ್ನು ಕೊಟ್ಟಿದೆ. ಅದನ್ನು ಕಳಚುವ ದಿನ ಯಾವುದೆಂದು ಹೇಳುವವರು ಮನೆಯ ಹಿರಿಯರೇ ಆಗಬೇಕು. 18ನೆಯ ವರ್ಧಂತಿಯಂದು ಹೊಸ ಬಟ್ಟೆಯೊಡನೆ ಆಸ್ತಿಯ ಪತ್ರಗಳನ್ನೂ ಮಕ್ಕಳ ಮುಂದಿಟ್ಟು, ಅಂದಿನವರೆಗಿನ ಲೆಕ್ಕವನ್ನು ಒಪ್ಪಿಸುವುದು ಹಿರಿಯರಿಗೆ ಶೋಭೆ. ಅದನ್ನು ಕೇಳುವುದು ಮಕ್ಕಳಿಗೆ ಅವಿಧೇಯತೆಯಲ್ಲ.