ಬ್ಯಾಟರಿ ಬದಲಿಸೋ ಮುಂಚೆ ವೈರ್ ನೋಡ್ರಿ

ಇವತ್ತು ಸಿರುಗುಪ್ಪದ ಹತ್ರ, ತುಂಗಭದ್ರೆ ದಂಡೆ ಮೇಲೆ ಕೂತು ಮಾತಾಡ್ತಿದ್ದೀನಿ. ವಿಷಯ ಬ್ಯಾಟರಿ. ನಿಮ್ಮ ಮೊಬೈಲ್‌ದಲ್ಲ, ನಮ್ಮ ಚಿಕ್ಕಪ್ಪನ ತೆಪ್ಪದ್ದು.

ಚಿಕ್ಕಪ್ಪ ರಾತ್ರಿ ಬಲೆ ಬಿಡ್ತಾರೆ. ತೆಪ್ಪಕ್ಕೆ ಇಂಜಿನ್ ಇಲ್ಲ, ಇರೋದು ಹುಟ್ಟು ಮಾತ್ರ. ಬೆಳಕಿಗೆ ಒಂದು 12 ವೋಲ್ಟ್ ಬ್ಯಾಟರಿ, 10 ವ್ಯಾಟ್ ಎಲ್‌ಇಡಿ. ಹೋದ ತಿಂಗಳು ನಡು ಹೊಳೆಯಲ್ಲಿ ಲೈಟ್ ಮಿಣುಕಿ ಮಿಣುಕಿ ಆರಿಹೋಯ್ತು. ಬಂಡೆ ಎಲ್ಲಿ, ಸುಳಿ ಎಲ್ಲಿ ಕಾಣದೆ, ಹುಟ್ಟಿನಿಂದ ತಡಕಾಡ್ತಾ ದಂಡೆಗೆ ಬಂದರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದಾಗ ಹೊಳೆ ಹೆಂಗೆ ಏರಿತ್ತು ಅಂತ ಈ ಕಡೆಯವರಿಗೆ ಗೊತ್ತು. ಇಂಥ ಹೊಳೆಯಲ್ಲಿ ಕತ್ತಲು ಆಟ ಅಲ್ಲ.

ಬೆಳಿಗ್ಗೆ ಅಂಗಡಿಯವರು ನೋಡದೇನೇ "ಬ್ಯಾಟರಿ ಹೋಗೈತಿ, ಹೊಸದು ತಗೊಳ್ರಿ" ಅಂದ್ರಂತೆ. ಚಿಕ್ಕಪ್ಪ ನನಗೆ ಫೋನ್ ಮಾಡಿ, "ತಮ್ಮಾ, ರಾತ್ರಿಯೆಲ್ಲ ಚಾರ್ಜಿಗೆ ಹಾಕೀನಿ, ಆದ್ರೂ ಲೈಟ್ ಮಂಕು. ರೊಕ್ಕ ಎಲ್ಲಿಂದ ತರ್ಲಿ?" ಅಂದರು. ನಾನು ಮಲ್ಟಿಮೀಟರ್ ಹಿಡ್ಕೊಂಡು ಹೋದೆ.

ಮೊದಲ ಕೆಲಸ: ಚಾರ್ಜರ್ ತೆಗೆದು ಎರಡು ಮೂರು ತಾಸು ಬಿಟ್ಟು ಬ್ಯಾಟರಿ ಅಳೆದೆ. 12.7 ವೋಲ್ಟ್. ಅಂದ್ರೆ ಫುಲ್. 12.2ಕ್ಕೆ ಬಂದ್ರೆ ಸುಮಾರು ಅರ್ಧ ಖಾಲಿ ಅಂತ ಲೆಕ್ಕ. ಚಾರ್ಜರ್ ಸರಿ ಐತಿ ಅಂತ ಇಲ್ಲೇ ಗೊತ್ತಾಯ್ತು.

ಎರಡನೇದು: ಲೈಟ್ ಹಚ್ಚಿ ಮತ್ತೆ ಅಳೆದೆ. ಬ್ಯಾಟರಿ ಟರ್ಮಿನಲ್ ಹತ್ರ 12.5. ಬಲ್ಬ್ ಹತ್ರ 10.4! ನಡುವೆ ಎರಡು ವೋಲ್ಟ್ ಎಲ್ಲಿ ಹೋಯ್ತು? ವೈರ್ ಹಿಡ್ಕೊಂಡು ಹೋದ್ರೆ ಒಂದು ಜಾಯಿಂಟ್ ಸಿಕ್ತು. ತಿರುಚಿ ಟೇಪ್ ಸುತ್ತಿದ್ರು. ಟೇಪ್ ಬಿಚ್ಚಿದ್ರೆ ಒಳಗೆ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಅಷ್ಟೇ ಕಳ್ಳ! ಕತ್ತರಿಸಿ, ಉಜ್ಜಿ, ಸೋಲ್ಡರ್ ಮಾಡಿ, ನೀರು ಇಳೀದಂಗೆ ಸ್ಲೀವ್ ಹಾಕಿದ್ವಿ. ಬಲ್ಬ್ ಹತ್ರ 12.4 ಬಂತು. ಹೊಸ ಬ್ಯಾಟರಿ ಖರ್ಚು ಉಳೀತು.

ಇನ್ನೊಂದು ಲೆಕ್ಕ. 10 ವ್ಯಾಟ್ ಬಲ್ಬ್ ಸುಮಾರು 0.8 ಆಂಪಿಯರ್ ಎಳೀತದೆ. ಚಿಕ್ಕಪ್ಪನದು 7 ಆಂಪಿಯರ್-ಅವರ್ ಬ್ಯಾಟರಿ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಆಯಸ್ಸು ಬೇಗ ಮುಗೀತದೆ. ಅಂದ್ರೆ ನಾಲ್ಕು ತಾಸು ಬೆಳಕು. ಆಮೇಲೆ ದಂಡೆಗೆ ಬರಲೇಬೇಕು.

ಕುರುಗೋಡು ಕಡೆ ಟ್ರ್ಯಾಕ್ಟರ್ ಇರೋರು, ಬಳ್ಳಾರಿಯಲ್ಲಿ ಲಗೇಜ್ ಆಟೋ ಓಡಿಸೋರು ಕೇಳ್ರಿ, ನಿಮಗೂ ಇದೇ ದಾರಿ. ಇಂಜಿನ್ ಚಾಲೂ ಮಾಡಿ ಬ್ಯಾಟರಿ ಅಳೀರಿ. 13.8ರಿಂದ 14.4 ಬಂದ್ರೆ ಚಾರ್ಜಿಂಗ್ ಸರಿ. 12.5ರಲ್ಲೇ ನಿಂತ್ರೆ ಬೆಲ್ಟ್, ಫ್ಯೂಸ್, ಅರ್ತ್ ವೈರ್, ಕೊನೆಗೆ ಆಲ್ಟರ್ನೇಟರ್ ನೋಡ್ರಿ. 15 ದಾಟಿದ್ರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡ್ರಿ. ಮಲ್ಪೆ ಕಡೆ ಇಂಜಿನ್ ಬೋಟಿಗೂ ಇದೇ ಲೆಕ್ಕ. 24 ವೋಲ್ಟ್ ಇದ್ರೆ ದುಪ್ಪಟ್ಟು ಮಾಡ್ಕೊಳ್ರಿ. ಫುಲ್ ಚಾರ್ಜ್ ಮಾಡಿ, ವೈರ್ ಬಿಚ್ಚಿಟ್ಟಾಗಲೂ ರಾತ್ರಿ ಕಳೆಯೋದರೊಳಗೆ 12.2ಕ್ಕೆ ಇಳಿದ್ರೆ, ಆಗ ಬ್ಯಾಟರಿಯದೇ ತಪ್ಪು. ನಮ್ಮ ಬಳ್ಳಾರಿ ಬಿಸಿಲಿಗೆ ಬ್ಯಾಟರಿ ಬೇಗ ಸೊರಗ್ತದೆ, ನೆರಳಲ್ಲಿ ಇಡ್ರಿ.

ಹುಷಾರಾಗಿರ್ರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗಾಳಿ ಬರ್ತದೆ. ಹತ್ರ ಬೀಡಿ, ಕಿಡಿ ಬೇಡ. ಬಿಚ್ಚುವಾಗ ಮೊದಲು ಮೈನಸ್ ತೆಗೀರಿ, ಹಾಕುವಾಗ ಕೊನೆಗೆ ಮೈನಸ್. ನೀರು ಹಾಕೋ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಹೊಳೆ ನೀರು ಹಾಕಬೇಡ್ರಿ. ಪ್ಲಸ್ ವೈರಿಗೆ ಬ್ಯಾಟರಿ ಹತ್ರಾನೇ ಒಂದು ಫ್ಯೂಸ್ ಇರಲಿ.

ಚಿಕ್ಕಪ್ಪ ಈಗ ಹೊಳೆಗಿಳಿಯೋ ಮುಂಚೆ ಮೀಟರ್ ಹಚ್ಚಿ ನೋಡ್ತಾರೆ. ಕಿಸೆಯಲ್ಲಿ ಇನ್ನೊಂದು ಸಣ್ಣ ಟಾರ್ಚ್ ಇಟ್ಕೋತಾರೆ. ನೀವೂ ಇಟ್ಕೊಳ್ರಿ. ಮತ್ತೆ ಸಿಗೋಣ.