ಓದಿ, ಆಮೇಲೆ ಸಹಿ



ಇವತ್ತು ಒಂದು ಕಾಗದದ ಕಥೆ ಹೇಳುತ್ತೇವೆ.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಹೋದ ವರ್ಷ ಅವಳ ಗಂಡ ಕುಡಿದು ಬಂದು ಹೊಡೆದ. ಎಡಗೈ ಮುರಿಯಿತು. ನಾವು ನಾಲ್ಕು ಜನ ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆವು. ಅವಳು ಅಳುತ್ತಾ ಎಲ್ಲಾ ಹೇಳಿದಳು. ಅವರು ಬರೆದುಕೊಂಡರು. ‘ಇಲ್ಲಿ ಒತ್ತಮ್ಮಾ’ ಅಂದರು. ಹೆಬ್ಬೆಟ್ಟು ಒತ್ತಿದಳು. ಒಂದು ಪ್ರತಿ ಕೈಗೆ ಕೊಟ್ಟರು. ನಮಗೆ ಯಾರಿಗೂ ಓದಲು ಬರುತ್ತಿರಲಿಲ್ಲ. ಕೇಸು ಆಯ್ತು ಅಂತ ಮನೆಗೆ ಬಂದೆವು. ಅವಳು ಆ ಕಾಗದವನ್ನು ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದಳು.

ಆಮೇಲೆ ನಾವು ಅಕ್ಷರ ಕಲಿತೆವು. ಒತ್ತಕ್ಷರ ಬಂದ ಮೇಲೆ ಒಂದು ಸಂಜೆ ಆ ಕಾಗದ ತೆಗೆದೆವು. ಕೂಡಿಸಿ ಕೂಡಿಸಿ ಓದಿದೆವು. ಮೇಲೆ ‘ಮುಚ್ಚಳಿಕೆ’ ಅಂತ ಇತ್ತು. ಗಂಡ ಹೆಂಡತಿಯ ಮಾತಿನ ಜಗಳ, ರಾಜಿಯಾಗಿದೆ, ಮುಂದೆ ಕ್ರಮ ಬೇಡ ಅಂತ ಬರೆದಿತ್ತು. ಮುರಿದ ಕೈ ಅದರಲ್ಲಿ ಎಲ್ಲೂ ಇರಲಿಲ್ಲ. ಕೆಳಗೆ ಅವಳದೇ ಹೆಬ್ಬೆಟ್ಟು!

ಕೇಸು ಶುರುವಾಗುವುದು ಎಫ್.ಐ.ಆರ್. ಎಂಬ ಕಾಗದದಿಂದ. ಕನ್ನಡದಲ್ಲಿ ಪ್ರಥಮ ವರ್ತಮಾನ ವರದಿ. 2024ರ ಜುಲೈ 1ರಿಂದ ಇದಕ್ಕೆ ಹೊಸ ಕಾನೂನಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂತ ಹೆಸರು. ಉದ್ದದ ಹೆಸರು, ಮರೆತರೂ ಚಿಂತೆಯಿಲ್ಲ. 173ನೇ ಕಲಮು ನೆನಪಿಡಿ. ನಾವು ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಳ್ಳಬೇಕು. ನಮಗೆ ಓದಿ ಹೇಳಬೇಕು. ಆಮೇಲೆ ನಮ್ಮ ಸಹಿ. ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು. ‘ಇದು ನಮ್ಮ ಠಾಣೆಗೆ ಬರಲ್ಲ’ ಅಂತ ವಾಪಸ್ಸು ಕಳಿಸುವ ಹಾಗಿಲ್ಲ. ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್.ಪಿ. ಸಾಹೇಬರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು ಇದೆ. ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನಿನಂತೆ ಹೆಂಗಸರಿಗೆ ಸರ್ಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ. ಫೋನು 15100.

ಇನ್ನೊಂದು ಮಾತು. ದೇಶದಲ್ಲಿ ಎಷ್ಟು ಅಪರಾಧ ಆಯಿತು ಅಂತ ಸರ್ಕಾರ ಪುಸ್ತಕ ಮಾಡುತ್ತದೆ. ಠಾಣೆಯಲ್ಲಿ ಬರೆದ ಕೇಸುಗಳನ್ನು ಕೂಡಿಸಿ ಆ ಲೆಕ್ಕ. ಬರೆಯದ ಕೈ ಮುರಿತ ಲೆಕ್ಕಕ್ಕೇ ಇಲ್ಲ. ಮನೆ ಮನೆಗೆ ಹೋಗಿ ಕೇಳಿದರೆ ಬೇರೆಯೇ ಲೆಕ್ಕ ಬರುತ್ತದೆ. 2019-21ರಲ್ಲಿ ಹಾಗೆ ಕೇಳಿದರು. ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ 44 ಜನ ಗಂಡನಿಂದ ಹಿಂಸೆ ಆಗಿದೆ ಅಂದರು. ಇಡೀ ದೇಶದಲ್ಲಿ ಹಿಂಸೆ ಕಂಡ 100 ಹೆಂಗಸರಲ್ಲಿ 77 ಜನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತವರಿಗೂ ಹೇಳಿರಲಿಲ್ಲ!

ನಮ್ಮ ಅಕ್ಕ ಮತ್ತೆ ಠಾಣೆಗೆ ಹೋದಳು. ಆಸ್ಪತ್ರೆ ಚೀಟಿ ಹಿಡಿದುಕೊಂಡು ಹೋದಳು. ಬರೆದು ಮುಗಿಸಿ ಸ್ಟಾಂಪ್ ಪ್ಯಾಡು ಮುಂದೆ ತಳ್ಳಿದರು. ‘ತಡೀರಿ, ಓದ್ತೀನಿ’ ಅಂದಳು. ಬೆರಳಿಟ್ಟು ಸಾಲು ಸಾಲು ಓದಿದಳು. ಅರ್ಧ ಗಂಟೆ ಹಿಡಿಯಿತು. ಅವರು ಗಡಿಯಾರ ನೋಡಿದರು. ಅವಳು ತಲೆ ಎತ್ತಲಿಲ್ಲ.

‘ಎಡಗೈ ಅಂತ ಇಲ್ಲ ಸಾರ್. ಬರೀರಿ’ ಅಂದಳು.

ಬರೆದರು. ಆಮೇಲೆ ಪೆನ್ನು ಕೇಳಿ ತನ್ನ ಹೆಸರು ಬರೆದಳು.